ಸೊಸೆ ಊಟ ಹಾಕಲು ಹೋದ ದಿನ

ನನ್ನ ಸೊಸೆ ಮಣಿಪಾಲದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ ಎಂದರೆ ಕಾಪುವಿನ ನಮ್ಮ ನೆರೆಕರೆಯವರು ಮೊದಲು ಕೇಳುತ್ತಿದ್ದದ್ದು, “ಯಾವ ಡಾಕ್ಟ್ರು? ಮಕ್ಕಳದ್ದಾ, ಎಲುಬಿನದ್ದಾ?” ಎಂದು. ಔಷಧಿ ಬರೆಯುವ ಡಾಕ್ಟರಲ್ಲ, ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುವವಳು ಎಂದು ಮೊದಮೊದಲು ವಿವರಿಸುತ್ತಿದ್ದೆ. ಅವರು ತಲೆಯಾಡಿಸಿ, ಮರುದಿನ ರಕ್ತಪರೀಕ್ಷೆಯ ಚೀಟಿ ಹಿಡಿದುಕೊಂಡು ಅಂಗಳಕ್ಕೆ ಬರುತ್ತಿದ್ದರು. ಅವಳು ಚೀಟಿ ಓದಿ, “ಇದನ್ನು ನೀವು ಡಾಕ್ಟ್ರಿಗೇ ತೋರಿಸ್ಬೇಕು” ಎನ್ನುತ್ತಿದ್ದಳು. “ಮತ್ತೆ ನೀವು ಯಾರು ಮಾರಾಯ್ರೆ?” ಎಂದು ಅವರು ನಗುತ್ತಿದ್ದರು. ಕೊನೆಗೆ ಡಾಕ್ಟ್ರಮ್ಮ ಎಂಬ ಹೆಸರು ನಿಂತೇ ಹೋಯಿತು. ಆ ಹೆಸರಿನಿಂದ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ನನ್ನ ಮಗ.

ಅವಳು ಓದುತ್ತಿದ್ದ ವಿಷಯದ ಹೆಸರು ಮಾಲಿಕ್ಯುಲರ್ ಮೆಡಿಸಿನ್. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಂಗನವಾಡಿ ಟೀಚರಾಗಿ ನಿವೃತ್ತಳಾದವಳು. ಮಗ ಐಟಿಐ ಕಲಿತು ಬಾವಿಯ ಪಂಪುಗಳನ್ನು ರಿಪೇರಿ ಮಾಡುತ್ತಿದ್ದ. ನಮ್ಮಿಬ್ಬರಿಗೂ ಆ ಹೆಸರು ಒಂದೇ ಸಲಕ್ಕೆ ಬಾಯಿಗೆ ಬರುತ್ತಿರಲಿಲ್ಲ. “ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಯಾಕೆ ಒಣಗುದಿಲ್ಲ ಅಂತ ಅವಳು ನೋಡುದು ಅಮ್ಮ. ಅಷ್ಟು ಗೊತ್ತಿದ್ರೆ ನಮಗೆ ಸಾಕು,” ಎನ್ನುತ್ತಿದ್ದ.

ಅವಳ ಕೆಲಸ ನನಗೆ ಅರ್ಥವಾದದ್ದು ಇಷ್ಟು. ಆಪರೇಷನ್ ಆಗುವಾಗ ತೆಗೆದ ಚರ್ಮದ ಚೂರನ್ನು ಕೆಲವು ರೋಗಿಗಳು ಒಪ್ಪಿಗೆ ಕೊಟ್ಟು ಸಂಶೋಧನೆಗೆ ಬಿಟ್ಟುಕೊಡುತ್ತಾರೆ. ಅದರಿಂದ ಜೀವಕೋಶಗಳನ್ನು ಬಿಡಿಸಿ, ಚಪ್ಪಟೆ ಬಾಟಲಿಯಲ್ಲಿ ಕೆಂಪು ಬಣ್ಣದ ನೀರು ಹಾಕಿ ಬೆಳೆಸುತ್ತಾರೆ. ತಟ್ಟೆಯ ತುಂಬ ಬೆಳೆದ ಮೇಲೆ ಸೂಜಿಯಂಥ ಕೊಳವೆಯ ತುದಿಯಿಂದ ನಡುವೆ ಒಂದು ಗೀರು ಎಳೆಯುತ್ತಾರೆ. ಅದೇ ಗಾಯ. ಎರಡು ಬದಿಯ ಕೋಶಗಳು ಸರಿದು ಬಂದು ಆ ಗೀರನ್ನು ಮುಚ್ಚುತ್ತವೋ ಇಲ್ಲವೋ, ಎಷ್ಟು ಹೊತ್ತಿಗೆ ಮುಚ್ಚುತ್ತವೆ ಎಂದು ನೋಡುತ್ತಾರೆ. ಒಂದು ದಿನ ಬಿಟ್ಟು ಒಂದು ದಿನ ಹಳೆಯ ನೀರು ತೆಗೆದು ಹೊಸತು ಹಾಕಬೇಕು, ಇಲ್ಲದಿದ್ದರೆ ಅವು ಹಸಿದು ಸಾಯುತ್ತವೆ. ಅದಕ್ಕೆ ಅವರ ಲ್ಯಾಬಿನಲ್ಲಿ ಎಲ್ಲರೂ ಊಟ ಹಾಕುವುದು ಎಂದೇ ಹೇಳುತ್ತಿದ್ದರಂತೆ. ನಮ್ಮ ಮನೆಯಲ್ಲಿಯೂ ಆ ಮಾತು ಬಂತು. ಭಾನುವಾರ, ಹಬ್ಬ ಎಂದು ಇರಲಿಲ್ಲ. “ನಾನು ಊಟ ಹಾಕಿ ಬರ್ತೇನೆ ಮಾಮಿ” ಎಂದು ಹೊರಡುತ್ತಿದ್ದಳು. ತುಳುವಿನಲ್ಲಿ ಅತ್ತೆಯನ್ನು ಮಾಮಿ ಎನ್ನುವುದು.

ಮಗ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. “ಹೆಂಡತಿ ಊರಿನವರ ಚರ್ಮಕ್ಕೆ ಊಟ ಹಾಕ್ಲಿಕ್ಕೆ ಹೋಗ್ತಾಳೆ. ನನಗೆ ಹಾಕ್ಲಿಕ್ಕೆ ಅಮ್ಮನೇ ಗತಿ,” ಎಂದು ಹೆಲ್ಮೆಟ್ ಹಾಕಿಕೊಳ್ಳುತ್ತಲೇ ಹೇಳುವುದು ಅವನ ಕ್ರಮ. ಅವಳು ಹಿಂದಿನಿಂದ ಹೆಲ್ಮೆಟ್ಟಿಗೆ ಒಂದು ಕೊಡುತ್ತಿದ್ದಳು.

ಆ ಕೋಶಗಳು ಯಾವಾಗಲೂ ಬೆಳೆಯುತ್ತಾ ಇರುವುದಿಲ್ಲ. ಕೆಲವು ಸಲ ಬಾಟಲಿಯಿಂದ ಬಾಟಲಿಗೆ ಬದಲಾಯಿಸುವಷ್ಟರಲ್ಲಿ ಅವಕ್ಕೆ ಮುಪ್ಪು ಬರುತ್ತದೆ. ಕಳೆದ ಮಳೆಗಾಲ ಶುರುವಾಗುವಾಗ ಅವಳ ಬಳಿ ಕೊನೆಯ ಕಂತಿನವು ಇದ್ದವು. ಅವುಗಳಿಂದ ಬರುವ ಫಲಿತಾಂಶದ ಮೇಲೆ ಪ್ರಬಂಧದ ಕೊನೆಯ ಅಧ್ಯಾಯ ನಿಂತಿತ್ತು. ಅದಾದರೆ ಇಷ್ಟು ವರ್ಷದ ಕೆಲಸ ಒಂದು ದಡ ಸೇರುತ್ತದೆ ಎಂದು ಹೇಳಿದ್ದಳು.

ಅದೇ ಮಳೆಯಲ್ಲಿ ನನ್ನ ಮಗ ಎಲ್ಲೂರಿನ ಒಂದು ಗದ್ದೆಯ ಬದಿಯಲ್ಲಿ, ಮುಳುಗಿದ ಪಂಪನ್ನು ಎತ್ತಲು ಸೊಂಟದವರೆಗಿನ ಕೆಸರು ನೀರಿಗೆ ಇಳಿದ. ಕಾಲಿನ ಹಿಮ್ಮಡಿ ಒಡೆದಿತ್ತು. ವಾರ ಕಳೆದ ಮೇಲೆ ಜ್ವರ ಬಂತು. ಜ್ವರದ ಮೊದಲ ಸಂಜೆಯೇ ಸೊಸೆ, “ಇದು ಇಲಿಜ್ವರ ಇರ್ಬಹುದು, ನಾಳೆ ಬೆಳಿಗ್ಗೆಯೇ ರಕ್ತ ಕೊಡುವ,” ಎಂದಳು. “ಮೈಕೈ ನೋವು ಮಾರಾಯ್ತಿ, ಕೆಸರಲ್ಲಿ ಎಳೆದಾಡಿದ್ದಕ್ಕೆ,” ಎಂದ ಅವನು. ಬೆಳಿಗ್ಗೆ ಜ್ವರದ ಮಾತ್ರೆ ತಿಂದು ನಂದಿಕೂರಿಗೆ ಇನ್ನೊಂದು ಪಂಪಿನ ಕೆಲಸಕ್ಕೆ ಹೋದ. ಅವನನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸುವಾಗ ಕಣ್ಣು ಅರಶಿನ ಬಣ್ಣಕ್ಕೆ ತಿರುಗಿತ್ತು. ಆಮೇಲಿನದ್ದು ಬೇಗ ಆಯಿತು. ಮೂತ್ರ ನಿಂತಿತು, ಉಸಿರಿಗೆ ಯಂತ್ರ ಹಾಕಿದರು. ಅಲ್ಲಿಯ ಡಾಕ್ಟರುಗಳು ಮಾಡುವುದನ್ನೆಲ್ಲ ಮಾಡಿದರು. ಅವನು ಮತ್ತೆ ನಮ್ಮಿಬ್ಬರ ಗುರುತು ಹಿಡಿಯಲಿಲ್ಲ.

ಹೆಣವನ್ನು ಚಾವಡಿಯಲ್ಲಿ ಮಲಗಿಸಿದ್ದಾಗ ಯಾರೋ ಹೆಂಗಸು ನನ್ನ ಹಿಂದಿನಿಂದ, “ಮನೆಯಲ್ಲೇ ಡಾಕ್ಟ್ರು ಇದ್ದು ಇಲಿಜ್ವರ ಗೊತ್ತಾಗ್ಲಿಲ್ವಾ?” ಎಂದು ಹೇಳಿದ್ದು ಕೇಳಿಸಿತು. ಪಿಸುಮಾತೇ, ಆದರೆ ಸೊಸೆ ನನಗೆ ತಾಗಿಕೊಂಡೇ ಕೂತಿದ್ದಳು. ಅವಳು ತಿರುಗಿ ನೋಡಲಿಲ್ಲ. ಅವನ ಪಾದದ ಮೇಲಿನ ಬಟ್ಟೆಯನ್ನು ಸರಿಮಾಡಿದಳು.

ನಮ್ಮಲ್ಲಿ ಬೊಜ್ಜ ಎಂದರೆ ಉತ್ತರಕ್ರಿಯೆ. ಅದು ಮುಗಿಯುವವರೆಗೆ ಮನೆಗೆ ಸೂತಕ. ಒಗ್ಗರಣೆ ಹಾಕುವಂತಿಲ್ಲ, ಬೇರೆಯವರ ಮನೆಗೆ ಹೋಗುವಂತಿಲ್ಲ. ದಿನವೂ ಸತ್ತವರಿಗೆ ಬಾಳೆಲೆಯಲ್ಲಿ ಅನ್ನ ಬಡಿಸಿ, ನೀರು ಇಟ್ಟು, ಬಾಗಿಲು ಮರೆಮಾಡಿ ಹೊರಗೆ ಕೂರುತ್ತೇವೆ. ನನ್ನ ಗಂಡ ಹಿಂದೆಯೇ ತೀರಿಕೊಂಡಿದ್ದರಿಂದ ಗಂಡು ದಿಕ್ಕಾಗಿ ಬಂದು ನಿಂತವನು ನನ್ನ ತಮ್ಮ. ಅಡುಗೆ ನೋಡಿಕೊಳ್ಳಲು ನನ್ನ ಅಕ್ಕ ಬಂದಿದ್ದಳು. ಬಾಟಲಿಗಳಿಗೆ ಊಟ ಹಾಕುವ ಜವಾಬ್ದಾರಿಯನ್ನು ಸೊಸೆಯ ಲ್ಯಾಬಿನ ಗೆಳತಿ ವಹಿಸಿಕೊಂಡಿದ್ದಳು. ಆದರೆ ಅವಳಿಗೂ ತಂಗಿಯ ಮದುವೆಗೆ ಕೇರಳಕ್ಕೆ ಹೋಗಲೇಬೇಕಿತ್ತು. ಹೊರಡುವ ಮೊದಲು ಫೋನು ಮಾಡಿದಳು. ಸೊಸೆ ಫೋನಿಟ್ಟು ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತಳು.

“ಮಾಮಿ, ನಾನು ನಾಳೆ ಊಟ ಹಾಕ್ಲಿಕ್ಕೆ ಹೋಗ್ಬೇಕಿತ್ತು.”

ತೆಂಗಿನಕಾಯಿ ತುರಿಯುತ್ತಿದ್ದ ಅಕ್ಕ ತಲೆಯೆತ್ತಿದಳು. “ಯಾರಿಗೆ ಊಟ?”

“ಸೆಲ್‌ಗಳಿಗೆ ದೊಡ್ಡಮ್ಮ.”

“ಸೆಲ್ಲಿಗಾ? ಟಾರ್ಚಿಗೆ ಹಾಕುವ ಸೆಲ್ಲಿಗೆ ಎಂತ ಊಟ?”

ಹಿಂದಿನ ತಿಂಗಳಾಗಿದ್ದರೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಸೊಸೆ ಮೆಲ್ಲಗೆ, “ಅದಲ್ಲ ದೊಡ್ಡಮ್ಮ, ಇದು ಜೀವ ಇರುವಂಥದ್ದು,” ಎಂದಳು.

“ಎಂತದೇ ಆಗ್ಲಿ. ಮುಗಿದ್ರೆ ಹೊಸತು ತಂದ್ರಾಯ್ತಲ್ವಾ?”

“ಇದು ಹೊಸತು ಸಿಗುದಿಲ್ಲ.”

ಜಗಲಿಯಲ್ಲಿದ್ದ ತಮ್ಮ ಒಳಗೆ ಬಂದ. ಅವನದು ಕೂಗುವ ಸ್ವಭಾವವಲ್ಲ. ನನ್ನ ಕಡೆ ತಿರುಗಿದ. “ಅಕ್ಕ, ಅವಳಿಗೆ ನೀನು ಹೇಳು. ಗಂಡ ಸತ್ತು ವಾರ ಆಗ್ಲಿಲ್ಲ, ಹೆಂಡತಿ ಬಸ್ಸು ಹತ್ತಿ ಹೊರಟ್ರೆ ಜನ ಎಂತ ಹೇಳ್ತಾರೆ? ಈಗಾಗಲೇ ಒಂದು ಮಾತು ಹೇಳಿ ಆಯ್ತು.”

“ಹೇಳಿ ಆಯ್ತಲ್ಲ,” ಎಂದೆ ನಾನು. “ಇನ್ನೆಂತ ಹೇಳ್ಲಿಕ್ಕೆ ಉಂಟು ಅವರಿಗೆ?”

“ಸೂತಕ ಅಂತ ಒಂದು ಉಂಟಲ್ಲ.”

“ಸತ್ತವನಿಗೆ ದಿನಾ ಎಲೆ ಹಾಕ್ತೇವೆ. ಬದುಕಿರುದಕ್ಕೆ ಹಾಕ್ಬಾರದು ಅಂತ ಎಲ್ಲಿ ಉಂಟು?”

“ನೀನು ಅಂಗನವಾಡಿ ಮಕ್ಕಳ ಹತ್ರ ಮಾತಾಡಿದ ಹಾಗೆ ನನ್ನ ಹತ್ರ ಮಾತಾಡ್ಬೇಡ,” ಎಂದು ಅವನು ಹೊರಗೆ ಹೋದ. ನಾನು ಗೆದ್ದೆ ಎಂದು ನನಗೆ ಅನಿಸಲಿಲ್ಲ. ಅವನು ಹೇಳಿದ್ದನ್ನು ನಾನೂ ನಂಬುವವಳೇ. ಆದರೆ ಆ ಮನೆಯಲ್ಲಿ ಇನ್ನೊಂದು ಏನಾದರೂ ಸಾಯುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಅವಳೊಬ್ಬಳೇ ಹೋದರೆ ಮಾತು ಅವಳ ಮೇಲೆ ಬರುತ್ತದೆ, ಇಬ್ಬರೂ ಹೋದರೆ ಹಂಚಿಹೋಗುತ್ತದೆ ಎಂದು ಲೆಕ್ಕ ಹಾಕಿ ನಾನೂ ಸೀರೆ ಬದಲಾಯಿಸಿದೆ.

ಮರುದಿನ ಮಳೆ ಸ್ವಲ್ಪ ಬಿಟ್ಟಿತ್ತು. ಹೆದ್ದಾರಿಗೆ ಬಂದು ಬಸ್ಸು ಹಿಡಿದು, ಉಡುಪಿಯಲ್ಲಿ ಇಳಿದು, ಮತ್ತೊಂದು ಬಸ್ಸಿನಲ್ಲಿ ಮಣಿಪಾಲದ ಗುಡ್ಡ ಹತ್ತಿದೆವು. ಆಸ್ಪತ್ರೆಯ ಎದುರು ಬಸ್ಸು ನಿಂತಾಗ ಇಬ್ಬರೂ ಇನ್ನೊಂದು ಬದಿಗೆ ಮುಖ ತಿರುಗಿಸಿದೆವು.

ಅವಳ ಲ್ಯಾಬಿನೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಕೋಶಗಳನ್ನು ಬೆಳೆಸುವ ಕೋಣೆಗೆ ಹೊರಗಿನವರು ಹೋಗುವ ಹಾಗಿಲ್ಲ. ಚಪ್ಪಲಿ ಬಿಟ್ಟು, ಕೈ ತೊಳೆದು, ಬೇರೆ ಕೋಟು ಹಾಕಿ, ಕೈಗವಸು ತೊಟ್ಟು, ಅದರ ಮೇಲೆ ಮತ್ತೆ ಸ್ಪಿರಿಟ್ಟು ಸಿಂಪಡಿಸಿಕೊಂಡು ಅವಳು ಒಳಗೆ ಹೋದಳು. ಏನೂ ಮುಟ್ಟಬಾರದು, ಯಾರೂ ಮುಟ್ಟಬಾರದು. ಇದು ನಮ್ಮ ಮಡಿಗಿಂತ ಜೋರು ಎಂದುಕೊಳ್ಳುತ್ತಾ ನಾನು ಹೊರಗಿನ ಕೋಣೆಯ ಸ್ಟೂಲಿನಲ್ಲಿ ಕೂತೆ. ನಡುವೆ ಗಾಜಿನ ಕಿಟಕಿ ಇತ್ತು. ಅವಳು ಕಪಾಟಿನಂಥ ಪೆಟ್ಟಿಗೆಯ ಬಾಗಿಲು ತೆರೆದು ಒಂದು ತಟ್ಟೆ ತೆಗೆದು ಬೆಳಕಿಗೆ ಹಿಡಿದಳು. ಹಿಡಿದೇ ನಿಂತಳು. ಆಮೇಲೆ ಇನ್ನೊಂದು ತೆಗೆದಳು. ಮತ್ತೊಂದು.

ಸ್ವಲ್ಪ ಹೊತ್ತಿಗೆ ಒಂದು ತಟ್ಟೆಗೆ ಮುಚ್ಚಳ ಬಿಗಿದು ಹೊರಗೆ ತಂದು ನನ್ನ ಎದುರಿದ್ದ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ತಾನು ನೋಡಿದಳು. ಎದ್ದು ಸರಿದು ನಿಂತಳು. ನನಗೂ ನೋಡಲು ಹೇಳುತ್ತಿದ್ದಾಳೆ ಎಂದುಕೊಂಡು ನಾನು ಕಣ್ಣಿಟ್ಟೆ. ಮೊದಲು ಬರೀ ಬೆಳಕು. ಕಣ್ಣು ಹೊಂದಿಕೊಂಡ ಮೇಲೆ ಬೆಳ್ಳಿಯ ನೂಲಿನಂಥದ್ದು ಕಂಡಿತು. ಒಂದು ಎಳೆಯಿಂದ ಇನ್ನೊಂದು ಕವಲೊಡೆದು, ಅದರಿಂದ ಮತ್ತೊಂದು, ಬಳ್ಳಿಯ ಹಾಗೆ ಎಲ್ಲ ಕಡೆಗೂ ಹಬ್ಬಿತ್ತು. ಅವಳು ಮನೆಯಲ್ಲಿ ಹೇಳಿದ್ದ ಗೀರನ್ನು ಹುಡುಕಿದೆ. ಗೀರು ಮುಚ್ಚಿಹೋಗಿದೆ ಎಂದುಕೊಂಡೆ. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ನನಗೆ ಖುಷಿಯಂಥದ್ದು ಏನೋ ಆಯಿತು.

“ಎಷ್ಟು ಚೆಂದ ಬೆಳೆದಿದೆ ಮಗಾ!” ಎಂದೆ.

ಅವಳು ತಟ್ಟೆಯನ್ನು ತುಸು ಸರಿಸಿದಳು. ನಾನು ಮತ್ತೆ, “ನೀನು ಇಲ್ಲದಿದ್ರೂ ಬೆಳೆದಿವೆ ನೋಡು,” ಎಂದೆ.

“ಅದು ಬೂಷ್ಟು ಮಾಮಿ,” ಎಂದಳು.

ಮಳೆಗಾಲದಲ್ಲಿ ನಮ್ಮ ಚಪ್ಪಲಿಗೆ, ಉಪ್ಪಿನಕಾಯಿಗೆ, ಗೋಡೆಗೆ ಬರುವ ಅದೇ ಬೂಷ್ಟು. ಎಲ್ಲ ತಟ್ಟೆಗಳಿಗೂ ಬಂದಿತ್ತು. ಅದರ ಎಡೆಯಲ್ಲಿ ಚಿಕ್ಕ ಚಿಕ್ಕ ಗುಂಡು ಚುಕ್ಕಿಗಳಾಗಿ ಕಂಡದ್ದು ಅವಳ ಕೋಶಗಳಂತೆ, ಸತ್ತವು. ನಾನು ಮೆಚ್ಚಿದ್ದು ಅವುಗಳನ್ನು ಕೊಂದದ್ದನ್ನು.

ಅವಳೇ ನನ್ನ ಹೆಗಲು ಮುಟ್ಟಿ, “ಗೊತ್ತಿಲ್ಲದವರಿಗೆ ಚೆಂದವೇ ಕಾಣ್ತದೆ. ನಾನೂ ಮೊದಲ ವರ್ಷ ಹಾಗೇ ಹೇಳಿದ್ದೆ, ಸರ್ ಬೈದಿದ್ರು,” ಎಂದಳು. ಆಮೇಲೆ ಒಳಗೆ ಹೋಗಿ ಪ್ರತಿಯೊಂದಕ್ಕೂ ಬ್ಲೀಚಿಂಗ್ ನೀರು ಸುರಿದಳು. ಕೆಂಪಾಗಿದ್ದದ್ದು ಬಿಳಿಚಿಕೊಂಡು ಬಣ್ಣವಿಲ್ಲದ ನೀರಾಗುವುದನ್ನು ಗಾಜಿನಾಚೆಯಿಂದ ನೋಡಿದೆ. ಪೆಟ್ಟಿಗೆಯ ಒಳಗಿನ ಹಲಗೆಗಳನ್ನೆಲ್ಲ ಹೊರಗೆ ತೆಗೆದು ಒಂದೊಂದಾಗಿ ಒರೆಸಿದಳು. ಅಡುಗೆಮನೆ ತೊಳೆಯುವವಳ ಹಾಗೆ, ಮೂಲೆ ಮೂಲೆ ಬಿಡದೆ.

ಆ ಚರ್ಮ ಯಾರದ್ದಾಗಿತ್ತು ಎಂದು ಬಸ್‌ಸ್ಟಾಪಿನಲ್ಲಿ ಕೇಳಿದೆ. “ಗೊತ್ತಿಲ್ಲ. ಹೆಸರು ನಮಗೆ ಹೇಳುದಿಲ್ಲ, ನಂಬರು ಮಾತ್ರ. ಕಲ್ಯಾಣಪುರದ ಕಡೆಯ ಒಬ್ಬರು ಅಜ್ಜ ಅಂತ ನರ್ಸು ಒಮ್ಮೆ ಬಾಯಿತಪ್ಪಿ ಹೇಳಿದ್ದು ಕೇಳಿದ್ದೇನೆ. ಕಾಲು ತೆಗೀಬೇಕಾಯ್ತಂತೆ,” ಎಂದಳು.

ಉಡುಪಿಯಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ನನ್ನೊಳಗಿದ್ದದ್ದನ್ನು ತಡೆಯಲಾಗಲಿಲ್ಲ. “ನಾನು ಸೂತಕದಲ್ಲಿ ಬಂದದ್ದಕ್ಕಾ?” ಎಂದು ಕೇಳಿಬಿಟ್ಟೆ.

“ಅಯ್ಯೋ, ಅಲ್ಲ ಮಾಮಿ. ಇಷ್ಟು ಬೆಳೀಬೇಕಾದ್ರೆ ಕೆಲವು ದಿನ ಬೇಕು. ಶುರುವಲ್ಲಿ ಕಣ್ಣಿಗೆ ಕಾಣುದಿಲ್ಲ, ಅವಳಿಗೂ ನೀರು ಹಾಕುವಾಗ ಗೊತ್ತಾಗಿರ್ಲಿಕ್ಕಿಲ್ಲ. ಈ ಮಳೆಯಲ್ಲಿ ಯಾವ ಲ್ಯಾಬಿಗೂ ಬರ್ತದೆ.” ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. “ಅವರನ್ನು ಐಸಿಯುಗೆ ಹಾಕಿದ ಮಧ್ಯಾಹ್ನ ನಾನು ಲ್ಯಾಬಿಗೆ ಓಡಿಹೋಗಿ ನೀರು ಬದಲಿಸಿ ಬಂದಿದ್ದೆ. ಗಡಿಬಿಡಿ ಇತ್ತು. ಮುಚ್ಚಳ ಒಂದು ಕೆಳಗೆ ಬಿತ್ತು, ಬೇರೆ ಹಾಕಿದೆ ಅಂತ ನೆನಪು. ಹಾಕಿದ್ದೇನಾ ಇಲ್ವಾ ಅಂತ ಈಗ ಸರಿಯಾಗಿ ಗೊತ್ತಾಗುದಿಲ್ಲ.”

ಆಮೇಲೆ ಅಂದಳು, “ಅವರನ್ನೂ ನೋಡ್ಕೊಳ್ಲಿಕ್ಕೆ ಆಗ್ಲಿಲ್ಲ, ಇವನ್ನೂ ಆಗ್ಲಿಲ್ಲ.”

ಒಳ್ಳೆಯ ಮಾತೊಂದನ್ನು ಹೇಳಬೇಕಿತ್ತು. ನನಗೆ ಬಂದದ್ದು, “ನೀನು ಮೊದಲ ದಿನವೇ ಹೇಳಿದ್ದಿ. ನಾನು ಕೇಳಿದ್ದೇನೆ. ಅವನು ಹೋಗ್ಲಿಲ್ಲ,” ಎಂಬುದು ಮಾತ್ರ. ಸತ್ತ ಮಗನ ಮೇಲೆ ತಪ್ಪು ಹೊರಿಸಿದ ಹಾಗಾಯಿತು. ಆದರೂ ಅದು ನಿಜ. ಅದನ್ನು ಅವಳಿಗೆ ಹೇಳಲು ಬೇರೆ ಯಾರೂ ಇರಲಿಲ್ಲ. ಅವಳು ಆಗ ಅತ್ತಳು. ಉದ್ಯಾವರ, ಕಟಪಾಡಿ ದಾಟಿ ನಮ್ಮ ಸ್ಟಾಪು ಬರುವವರೆಗೂ ಅತ್ತಳು. ಎದುರಿನ ಸೀಟಿನವರು ತಿರುಗಿ ನೋಡಿದರು. ನೋಡಲಿ ಎಂದು ಬಿಟ್ಟೆ.

ಮನೆಗೆ ಬಂದಾಗ ತಮ್ಮ ನಮ್ಮ ಮುಖ ನೋಡಿಯೇ ಅರ್ಥಮಾಡಿಕೊಂಡ. “ಮುಟ್ಟಿತಲ್ಲ ಸೂತಕ,” ಎಂದ. ಅವನು ಕೆಟ್ಟವನಲ್ಲ. ಅವನಿಗೂ ಒಬ್ಬನೇ ಸೋದರಳಿಯ. ನಾನು ಉತ್ತರಿಸುವ ಮೊದಲೇ ಅಕ್ಕ, “ಬಾಯಿ ಮುಚ್ಚು ನೀನು,” ಎಂದು ಗದರಿ, ಸೊಸೆಗೆ ಗಂಜಿ ಬಡಿಸಿ ಪಕ್ಕದಲ್ಲಿ ಕೂತಳು. “ಎಲ್ಲ ಹೋಯ್ತಾ?” ಎಂದು ಕೇಳಿದಳು. ಹೋಯಿತು ಎಂದಾಗ, ಏನು ಹೋಯಿತೆಂದು ಗೊತ್ತಿಲ್ಲದಿದ್ದರೂ, “ಛೆ ಛೆ,” ಎಂದು ಬಹಳ ಹೊತ್ತು ಹೇಳುತ್ತಿದ್ದಳು.

ಬೊಜ್ಜ ಮುಗಿಯಿತು. ನಮ್ಮಲ್ಲಿ ಬಳಿ, ಎಂದರೆ ಕುಲ, ಬರುವುದು ತಾಯಿಯ ಕಡೆಯಿಂದ. ಸೊಸೆ ಎಷ್ಟು ವರ್ಷ ಇದ್ದರೂ ಅವಳ ಬಳಿ ಬೇರೆ, ನಮ್ಮದು ಬೇರೆ. ಗಂಡ ಹೋದ ಮೇಲೆ ಬೊಜ್ಜ ಮುಗಿಸಿ ತಾಯಿಮನೆಯವರು ಅವಳನ್ನು ಕರೆದುಕೊಂಡು ಹೋಗುವುದು ಕ್ರಮ. ಮಕ್ಕಳೂ ಇರಲಿಲ್ಲ. ಕಾರ್ಕಳದಿಂದ ಅವಳ ತಾಯಿ ಬಂದರು. ಹೊರಡುವ ಮೊದಲು ನನ್ನ ಕೈ ಹಿಡಿದು, “ಇನ್ನು ಆ ಓದು ಸಾಕು ಅಂತ ನಾವು ಹೇಳ್ತಾ ಇದ್ದೇವೆ. ಹತ್ತಿರ ಎಲ್ಲಾದ್ರೂ ಕಾಲೇಜಿನಲ್ಲಿ ಪಾಠ ಮಾಡ್ಲಿ. ನೀವು ಹೇಳಿದ್ರೆ ಕೇಳ್ತಾಳೆ,” ಎಂದರು.

ನಾನು ಹೇಳಲಿಲ್ಲ. ಬಿಡಬೇಡ ಎಂದೂ ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ. ಅವಳ ಮೇಲೆ ನನಗೆ ಯಾವ ಹಕ್ಕೂ ಉಳಿದಿರಲಿಲ್ಲ. ಪುಸ್ತಕಗಳು ಇಲ್ಲಿಯೇ ಇದ್ದವು. ತೆಗೆದುಕೊಂಡು ಹೋಗು ಎಂದರೆ ಮತ್ತೆ ಬರಬೇಡ ಎಂದ ಹಾಗಾಗುತ್ತದೆ ಎಂದು ಅದನ್ನೂ ಹೇಳಲಿಲ್ಲ. ಕಾರು ತಿರುಗುವಾಗ ಅವಳು ಕೈಬೀಸಲಿಲ್ಲ, ಬರುತ್ತೇನೆ ಎಂದು ತಲೆಯಾಡಿಸಿದಳು. ನಮ್ಮಲ್ಲಿ ಹೋಗುವವರೆಲ್ಲ ಬರುತ್ತೇನೆ ಎಂದೇ ಹೇಳುವುದು.

ಆ ದಿನಗಳನ್ನು ನಾನು ಹೇಗೆ ಕಳೆದೆ ಎಂದು ಬರೆಯಲು ಕೂತರೆ ಏನೂ ನೆನಪಾಗುವುದಿಲ್ಲ. ಒಬ್ಬಳಿಗೆ ಅಕ್ಕಿ ಹಾಕುವುದು ಎಷ್ಟೆಂದು ಅಂದಾಜು ಸಿಗದೆ ದಿನವೂ ಅನ್ನ ಉಳಿಯುತ್ತಿತ್ತು. ಅಷ್ಟು ನೆನಪಿದೆ.

ಜಡಿಮಳೆಯ ಆಟಿ ತಿಂಗಳು ಮುಗಿದು ಬಿಸಿಲು ಕಾಣಿಸಿಕೊಂಡ ಮೇಲೆ ಒಂದು ಸಂಜೆ ಅವಳು ಬ್ಯಾಗು ಹಿಡಿದು ಗೇಟು ತೆರೆದಳು. ನಾನು ಏನನ್ನಾದರೂ ಕೇಳುವ ಮೊದಲೇ, “ಕಾರ್ಕಳದಿಂದ ಮಣಿಪಾಲ ದೂರ ಆಗ್ತದೆ ಮಾಮಿ. ಇಲ್ಲಿಂದಾದ್ರೆ ಹತ್ತಿರ,” ಎಂದಳು. ಕಾರ್ಕಳದಿಂದ ಮಣಿಪಾಲಕ್ಕೆ ನೇರ ಬಸ್ಸುಂಟು, ಕೂತಲ್ಲಿಂದ ಏಳಬೇಕಾಗಿಲ್ಲ. ಇಲ್ಲಿಂದ ಹೋಗುವವರೇ ಉಡುಪಿಯಲ್ಲಿ ಇಳಿದು ಹತ್ತಬೇಕು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. “ಹೌದು, ಇಲ್ಲಿಂದ ಹತ್ತಿರ,” ಎಂದೆ.

ಊಟದ ಹೊತ್ತಿಗೆ ಉಳಿದದ್ದನ್ನು ಹೇಳಿದಳು. ಆ ಅಜ್ಜನ ಕೋಶಗಳದ್ದೇ ಒಂದು ಚಿಕ್ಕ ಶೀಶೆಯನ್ನು ವರ್ಷಗಳ ಹಿಂದೆ ಸಾರಜನಕದ ದ್ರವದಲ್ಲಿ, ಎಲ್ಲವೂ ಮರಗಟ್ಟುವ ಚಳಿಯಲ್ಲಿ ಇಟ್ಟಿದ್ದಳಂತೆ. ಬದುಕುವ ಭರವಸೆಯಿಲ್ಲವೆಂದು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಈಗ ಉಳಿದಿರುವುದು ಅದೊಂದೇ. ಹೊರಗೆ ತೆಗೆದು ಕರಗಿಸಿದರೆ ಬದುಕಬಹುದು, ಬದುಕದೆಯೂ ಇರಬಹುದು. ಅವಳ ಸರ್, ಆ ಅಧ್ಯಾಯ ಬಿಟ್ಟು ಬರೆದರೂ ಪದವಿ ಸಿಗುತ್ತದೆ, ನಿರ್ಧಾರ ನಿನ್ನದು ಎಂದಿದ್ದರಂತೆ. “ತೆಗೀತೇನೆ ಮಾಮಿ,” ಎಂದಳು. ನನ್ನ ಅಭಿಪ್ರಾಯ ಕೇಳುವ ಸ್ವರವಾಗಿರಲಿಲ್ಲ. ನನಗೆ ಅದೇ ಹಿತವಾಯಿತು.

ಅವಳು ಅದನ್ನು ಕರಗಿಸಿದ ಮರುದಿನ ನಾನು ಬಟ್ಟೆ ಒಣಗಿಸುತ್ತಿದ್ದಾಗ ಫೋನು ಬಂತು. “ಅರ್ಧಕ್ಕರ್ಧ ಹೋಗಿವೆ. ಉಳಿದವು ಹಿಡಿದಿವೆ,” ಎಂದಳು. ಹಿಡಿಯುವುದೆಂದರೆ ಬಾಟಲಿಯ ತಳಕ್ಕೆ ಅಂಟಿಕೊಳ್ಳುವುದು. ಅಂಟಿಕೊಂಡರೆ ಬದುಕಿವೆ ಎಂದು ಅರ್ಥ. “ಬೂಷ್ಟಲ್ಲ ತಾನೇ?” ಎಂದು ಕೇಳಿದೆ. ಅವಳು ನಕ್ಕಳು. ಮಗ ಹೋದ ಮೇಲೆ ಅವಳ ನಗು ಕೇಳಿದ್ದು ಆಗಲೇ. ಫೋನಿಟ್ಟ ಮೇಲೆ ನಾನು ಹಗ್ಗದ ಮೇಲಿನ ಒದ್ದೆ ಸೀರೆಗೆ ಮುಖ ಒತ್ತಿಕೊಂಡು ನಿಂತೆ. ಅವನಿಗೆ ಹೇಳಬೇಕಾದ ಸುದ್ದಿ ಅದು.

ಕಡಿಮೆ ಕೋಶಗಳಲ್ಲಿಯೇ ಅವಳು ಆ ಅಧ್ಯಾಯದ ಕೆಲಸ ಮಾಡಿದಳು. ಅಂದುಕೊಂಡಷ್ಟು ಆಗಲಿಲ್ಲ, ಏನೂ ಆಗಲಿಲ್ಲ ಎಂದೂ ಇಲ್ಲ. ಈಗ ಬರೆಯುತ್ತಿದ್ದಾಳೆ. ಪದವಿ ಬಂದ ಮೇಲೆ ಅವಳು ಎಲ್ಲಿಗಾದರೂ ಹೋಗಲೇಬೇಕು. ಈ ಓದಿಗೆ ಕೆಲಸ ಕಾಪುವಿನಲ್ಲಿ ಸಿಗುವುದಿಲ್ಲ. ಅವಳಿಗೆ ಇನ್ನೂ ಮೂವತ್ತೆರಡು ದಾಟಿಲ್ಲ. ಬೇರೆ ಮದುವೆಯೂ ಆಗಬೇಕು, ಅದನ್ನು ನಾನೇ ಅವಳ ತಾಯಿಗೆ ಹೇಳಿದ್ದೇನೆ. ಬರವಣಿಗೆ ಬೇಗ ಮುಗಿಯಲಿ ಎಂದು ದೇವರ ಮುಂದೆ ಕೇಳಿಕೊಳ್ಳುತ್ತೇನೆ. ಮುಗಿದ ದಿನ ಅವಳು ಈ ಮನೆಯಿಂದ ಹೊರಡುತ್ತಾಳೆ ಎಂಬುದು ಬೇಡಿಕೊಳ್ಳುವಾಗಲೇ ನೆನಪಾಗುತ್ತದೆ. ಆಗ ಬೇಡಿಕೆಯನ್ನು ಅರ್ಧಕ್ಕೆ ನಿಲ್ಲಿಸಿ ಸುಮ್ಮನೆ ಕೈ ಮುಗಿಯುತ್ತೇನೆ.

ಇವತ್ತು ಬೆಳಿಗ್ಗೆ ದೋಸೆ ಹಾಕುತ್ತಾ, “ಇನ್ನು ಎಷ್ಟು ಉಂಟು ಬರೀಲಿಕ್ಕೆ?” ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. “ತುಂಬಾ ಉಂಟು ಮಾಮಿ,” ಎಂದಳು.